ಹೂಳಿನಲ್ಲಿ ಹುದುಗಿದ ಕಾಳ್ಗಿಚ್ಚು

ಅಮೆರಿಕ ಸಂಯುಕ್ತ ಸಂಸ್ಥಾನದ ರಾಕಿ ಪರ್ವತಶ್ರೇಣಿಯ ನಡುವೆ ಯೆಲ್ಲೋಸ್ಟೋನ್ ಎಂಬ ರಾಷ್ಟ್ರೀಯ ಉದ್ಯಾನವಿದೆ. 1872ರಲ್ಲಿ ಸ್ಥಾಪಿತವಾದ ಇದು ಜಗತ್ತಿನ ಮೊಟ್ಟಮೊದಲ ರಾಷ್ಟ್ರೀಯ ಉದ್ಯಾನವೆಂದು ಪ್ರಸಿದ್ಧವಾಗಿದೆ. ಇದರ ವಿಸ್ತಾರ ಸುಮಾರು 9,000 ಚದರ ಕಿಲೋಮೀಟರು. ಬಿಸಿನೀರಿನ ಚಿಲುಮೆಗಳಿಗೂ ಕರಡಿ, ಬೈಸನ್ ಮೊದಲಾದ ವನ್ಯಮೃಗಗಳಿಗೂ ಹೆಸರಾದ ಈ ಭೂಮಿಯ ಬಹುಭಾಗವನ್ನು ಒಂದೇ ಜಾತಿಯ ಮರವು ಆವರಿಸಿಕೊಂಡಿದೆ. ಅದು ಲಾಡ್ಜ್‌ಪೋಲ್ ಪೈನ್. ನೆಟ್ಟಗೆ ಕಂಬದಂತೆ ಬೆಳೆಯುವ ಈ ಮರಗಳನ್ನು ಅಲ್ಲಿನ ಮೂಲನಿವಾಸಿಗಳು ತಮ್ಮ ಡೇರೆಗಳಿಗೆ ಗಳುಗಳಾಗಿ ಬಳಸುತ್ತಿದ್ದುದರಿಂದ ಈ ಹೆಸರು ಬಂದಿತು.

1988ರ ಬೇಸಿಗೆಯಲ್ಲಿ ಈ ಅರಣ್ಯಕ್ಕೆ ಬೆಂಕಿ ಬಿದ್ದಿತು. ಕೆಲವೆಡೆ ಸಿಡಿಲಿನಿಂದ, ಕೆಲವೆಡೆ ಮನುಷ್ಯರ ಅಜಾಗರೂಕತೆಯಿಂದ ಹುಟ್ಟಿದ ಕಿಚ್ಚುಗಳು ಒಣಗಿನಿಂತ ಮರಗಳ ನಡುವೆ ಹಬ್ಬಿದವು. ಬರಬೇಕಾಗಿದ್ದ ಬೇಸಿಗೆಯ ಮಳೆ ಬರಲಿಲ್ಲ. ಬದಲಿಗೆ ಬಿರುಗಾಳಿ ಬೀಸಿತು. ಆಗಸ್ಟ್ 20ರ ಒಂದೇ ದಿನದಲ್ಲಿ ಸುಮಾರು 60,000 ಹೆಕ್ಟೇರು ಪ್ರದೇಶವನ್ನು ಬೆಂಕಿಯು ವ್ಯಾಪಿಸಿತು. ಆ ಬೇಸಿಗೆಯಲ್ಲಿ ಒಟ್ಟು 25,000 ಮಂದಿ ಬೆಂಕಿಯೊಡನೆ ಹೋರಾಡಿದರೂ ಅದನ್ನು ಅಡಗಿಸುವುದು ಅವರಿಂದಾಗಲಿಲ್ಲ. ಕೊನೆಗೆ ಸೆಪ್ಟೆಂಬರ್ 11ರಂದು ಬಿದ್ದ ಮಳೆ ಮತ್ತು ಹಿಮವೇ ಅದರ ಬಲವನ್ನು ಮುರಿಯಬೇಕಾಯಿತು. ಅಷ್ಟರಲ್ಲಿ ಉದ್ಯಾನದ ಸುಮಾರು 3,21,000 ಹೆಕ್ಟೇರು, ಎಂದರೆ ಮೂರರಲ್ಲಿ ಒಂದು ಪಾಲಿಗಿಂತಲೂ ಹೆಚ್ಚು ಭೂಮಿ, ಬೆಂಕಿಯ ತೆಕ್ಕೆಗೆ ಸಿಕ್ಕಿತ್ತು.

ಬೆಂಕಿ ಆರಿದರೂ ವಾದ ಆರಲಿಲ್ಲ. ಸುಮಾರು ಒಂದು ಶತಮಾನದ ಕಾಲ ಈ ಉದ್ಯಾನದಲ್ಲಿ ಕಂಡ ಕಂಡ ಬೆಂಕಿಯನ್ನೆಲ್ಲ ಆರಿಸಲಾಗುತ್ತಿತ್ತು. 1972ರಲ್ಲಿ ಈ ನೀತಿಯು ಬದಲಾಗಿ, ಸಿಡಿಲಿನಿಂದ ತಾನಾಗಿ ಹುಟ್ಟಿದ ಕಿಚ್ಚು ಜನರಿಗೂ ಕಟ್ಟಡಗಳಿಗೂ ಅಪಾಯವನ್ನು ಒಡ್ಡದಿದ್ದರೆ ಅದನ್ನು ಉರಿಯಲು ಬಿಡಬಹುದೆಂದು ತೀರ್ಮಾನವಾಗಿತ್ತು. ಅಧಿಕಾರಿಗಳ ಈ ಔದಾಸೀನ್ಯವೇ ಅನಾಹುತಕ್ಕೆ ಕಾರಣವಾಯಿತೆಂದು ಕೆಲವರು ದೂರಿದರು. ಹಿಂದಿನವರು ಪ್ರತಿಯೊಂದು ಬೆಂಕಿಯನ್ನೂ ಆರಿಸುತ್ತ ಬಂದುದರಿಂದಲೇ ಕಾಡಿನಲ್ಲಿ ಸೌದೆ ರಾಶಿಬಿದ್ದು ಹೀಗಾಯಿತೆಂದು ಮತ್ತೆ ಕೆಲವರು ಹೇಳಿದರು. ಇಂತಹ ಮಹಾಗ್ನಿ ಈ ಕಾಡಿಗೆ ಹೊಸದೇನೂ ಅಲ್ಲವೆಂಬುದು ಇನ್ನೂ ಕೆಲವರ ಅಭಿಪ್ರಾಯ. ವಾದವೆಲ್ಲವೂ ಒಂದು ಪ್ರಶ್ನೆಗೆ ಬಂದು ನಿಲ್ಲುತ್ತಿತ್ತು: ಈ ಕಾಡು ಹಿಂದೆ ಎಷ್ಟು ಸಲ ಉರಿದಿತ್ತು?

ಇದಕ್ಕೆ ಉತ್ತರವನ್ನು ಎಲ್ಲಿ ಹುಡುಕಬೇಕು? ಕಡತಗಳಲ್ಲಿರುವುದು ನೂರಿಪ್ಪತ್ತು ವರ್ಷಗಳ ಕಥೆ ಮಾತ್ರ. ಮರಗಳ ಕಾಂಡದಲ್ಲಿರುವ ವಾರ್ಷಿಕ ಉಂಗುರಗಳನ್ನು ಎಣಿಸಿ, ಯಾವ ಕಾಡು ಎಂದು ಹುಟ್ಟಿತೆಂಬುದನ್ನು ತಿಳಿಯಬಹುದು. ವಿಲಿಯಂ ರಾಮ್ ಎಂಬ ವಿಜ್ಞಾನಿ ಈ ಕ್ರಮದಿಂದ ಯೆಲ್ಲೋಸ್ಟೋನಿನಲ್ಲಿ ಸುಮಾರು 1700ರ ವೇಳೆಗೆ ದೊಡ್ಡ ಬೆಂಕಿಗಳು ಬಿದ್ದಿದ್ದುವೆಂದು 1982ರಲ್ಲಿಯೇ ತೋರಿಸಿದ್ದರು. ಆದರೆ ಅದಕ್ಕೂ ಹಿಂದೆ ಹೋಗುವುದು ಕಷ್ಟ. ಲಾಡ್ಜ್‌ಪೋಲ್ ಪೈನ್ ಕಾಡಿಗೆ ಬಿದ್ದ ಬೆಂಕಿ ಸಾಮಾನ್ಯವಾಗಿ ಮರಗಳನ್ನು ಉಳಿಸುವುದಿಲ್ಲ. ಅಪರಾಧಿಯು ಸಾಕ್ಷಿಯನ್ನೂ ಕೊಂದುಬಿಟ್ಟಂತೆ, ತನಗಿಂತ ಹಿಂದಿನ ಬೆಂಕಿಗಳ ಗುರುತನ್ನೂ ಅದು ಅಳಿಸಿಹಾಕುತ್ತದೆ.

ಬೆಂಕಿಯ ಕೈಗೆ ಸಿಗದ ಸಾಕ್ಷಿಯೊಂದು ಅದೇ ಕಾಡಿನಲ್ಲಿದೆ. ಅದು ಸರೋವರಗಳ ತಳದಲ್ಲಿರುವ ಕೆಸರು.

ಕೆರೆಯಲ್ಲಿ ಹೂಳು ತುಂಬುವುದನ್ನು ಕಾಣದವರಾರು? ಮಳೆಯ ನೀರು ಹೊತ್ತುತಂದ ಮಣ್ಣು, ಗಾಳಿಯಲ್ಲಿ ಹಾರಿಬಂದ ಧೂಳು, ಕೊಳೆತ ಎಲೆ, ನೀರಿನಲ್ಲಿಯೇ ಹುಟ್ಟಿ ಸತ್ತ ಅಲ್ಪಜೀವಿಗಳ ಅವಶೇಷ, ಇವೆಲ್ಲವೂ ವರ್ಷ ವರ್ಷವೂ ತಳಕ್ಕಿಳಿದು ಪದರಗಟ್ಟುತ್ತವೆ. ನಮ್ಮ ಕೆರೆಗಳ ಹೂಳನ್ನು ರೈತರು ಬೇಸಿಗೆಯಲ್ಲಿ ಎತ್ತಿ ಹೊಲಕ್ಕೆ ಸಾಗಿಸುತ್ತಾರೆ. ಆದರೆ ಯಾರೂ ಹೂಳೆತ್ತದ ಪರ್ವತ ಪ್ರದೇಶದ ಸರೋವರಗಳಲ್ಲಿ ಈ ಪದರಗಳು ಸಾವಿರಾರು ವರ್ಷಗಳ ಕಾಲ ಕದಲದೆ ಉಳಿದಿವೆ. ಮೇಲಿನದು ಇತ್ತೀಚಿನದು, ಕೆಳಗಿನದು ಹಳೆಯದು. ಪಕ್ಕದ ಕಾಡು ಉರಿದಾಗ ಇದ್ದಿಲಿನ ಚೂರುಗಳು ಗಾಳಿಯಲ್ಲಿ ಹಾರಿಯೂ ಅನಂತರದ ಮಳೆಯಲ್ಲಿ ಕೊಚ್ಚಿಯೂ ಬಂದು ಈ ಪದರಗಳಲ್ಲಿ ಸೇರಿಕೊಳ್ಳುತ್ತವೆ.

ಸಾಕಷ್ಟು ಗಾಳಿ ದೊರೆಯದೆ ಮರವು ಅರೆಬರೆ ಉರಿದಾಗ ಇದ್ದಿಲು ಉಂಟಾಗುತ್ತದೆ. ಎಲೆಯನ್ನೂ ತೊಗಟೆಯನ್ನೂ ಕೊಳೆಯಿಸಿ ಜೀರ್ಣಿಸಿಕೊಳ್ಳುವ ಸೂಕ್ಷ್ಮಜೀವಿಗಳಿಗೆ ಇದ್ದಿಲು ಸುಲಭವಾಗಿ ದಕ್ಕುವುದಿಲ್ಲ. ಆದುದರಿಂದ ಹತ್ತು ಸಾವಿರ ವರ್ಷಗಳ ಅನಂತರವೂ ಅದು ಇದ್ದಿಲಾಗಿಯೇ ಇರುತ್ತದೆ. ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಕೆಲವು ಚೂರುಗಳಲ್ಲಿ ಮರದ ಜೀವಕೋಶಗಳ ಸಾಲು ಸಹ ಸ್ಪಷ್ಟವಾಗಿ ಕಾಣುತ್ತದೆ.

ಈ ಹೂಳನ್ನು ಪದರ ಕದಡದಂತೆ ಮೇಲಕ್ಕೆ ತರುವುದು ಸುಲಭವಲ್ಲ. ಬಕೆಟ್ಟಿನಿಂದ ತೋಡಿದರೆ ಹತ್ತು ಶತಮಾನಗಳು ಒಂದೇ ಮುದ್ದೆಯಾಗಿಬಿಡುತ್ತವೆ. ಆದುದರಿಂದ ಉದ್ದನೆಯ ಕೊಳವೆಯನ್ನು ತಳದ ಕೆಸರಿಗೆ ನೇರವಾಗಿ ಒತ್ತಿ, ಅದರೊಳಗೆ ತುಂಬಿಕೊಂಡ ಹೂಳನ್ನು ಬಾಳೆಯ ದಿಂಡಿನಂತೆ ಇಡಿಯಾಗಿ ಹೊರತೆಗೆಯುತ್ತಾರೆ. ಎರಡು ದೋಣಿಗಳನ್ನು ಜೋಡಿಸಿ ಮೇಲೆ ಹಲಗೆ ಹಾಸಿದ ತೆಪ್ಪವೇ ಇವರ ಕಾರ್ಯಾಗಾರ. ಚಳಿಗಾಲದಲ್ಲಿ ಸರೋವರವು ಹೆಪ್ಪುಗಟ್ಟಿದ್ದರೆ ಇನ್ನೂ ಅನುಕೂಲ. ಹಿಮಗಡ್ಡೆಯ ಮೇಲೆಯೇ ನಿಂತು ತೂತು ಕೊರೆದು ಕೊಳವೆಯನ್ನು ಇಳಿಸಬಹುದು. ಇದಕ್ಕೆ ಬಹಳವಾಗಿ ಬಳಕೆಯಾಗುವ ಸಲಕರಣೆಯನ್ನು ಡೇನಿಯಲ್ ಲಿವಿಂಗ್‌ಸ್ಟನ್ ಎಂಬ ವಿಜ್ಞಾನಿ 1955ರಲ್ಲಿ ವಿವರಿಸಿದರು. ಅದರ ತತ್ತ್ವವು ಮಕ್ಕಳು ಓಕುಳಿಯಾಡುವ ಪಿಚಕಾರಿಯಲ್ಲಿ ಇರುವಂತಹುದೇ. ಕೊಳವೆಯೊಳಗಿನ ಬೆಣೆ ಹೂಳಿನ ಮೇಲ್ಭಾಗದಲ್ಲಿ ಕದಲದೆ ನಿಂತಿರುತ್ತದೆ. ಕೊಳವೆ ಮಾತ್ರ ಅದನ್ನು ದಾಟಿ ಕೆಳಗಿಳಿಯುತ್ತದೆ. ಮೇಲೆತ್ತುವಾಗ ಬೆಣೆಯ ಕೆಳಗೆ ಗಾಳಿಗೆ ಅವಕಾಶವಿಲ್ಲದ ಕಾರಣ ಹೂಳು ಜಾರಿ ಬೀಳುವುದಿಲ್ಲ. ಒಂದು ಸಲಕ್ಕೆ ಒಂದು ಮೀಟರಿನಷ್ಟು ದಿಂಡು ಬರುತ್ತದೆ. ಅದೇ ತೂತಿನಲ್ಲಿ ಮತ್ತೆ ಮತ್ತೆ ಇಳಿಸಿ, ಕಲ್ಲೋ ಗಟ್ಟಿ ಜೇಡಿಯೋ ಅಡ್ಡಬರುವವರೆಗೆ ಕೆಲಸವನ್ನು ಮುಂದುವರಿಸಬೇಕು. ದಿಂಡನ್ನು ಕೊಳವೆಯಿಂದ ಹೊರಗೆ ನೂಕಿ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಯಾವುದು ಮೇಲ್ತುದಿ ಯಾವುದು ಕೆಳತುದಿ ಎಂಬುದನ್ನು ಮರೆಯದೆ ಗುರುತು ಹಾಕುತ್ತಾರೆ. ಈ ಗುರುತು ತಪ್ಪಿದರೆ ಇತಿಹಾಸವೇ ತಲೆಕೆಳಗಾದಂತೆ!

ಪ್ರಯೋಗಶಾಲೆಯಲ್ಲಿ ದಿಂಡನ್ನು ಉದ್ದಕ್ಕೆ ಎರಡು ಹೋಳಾಗಿ ಸೀಳುತ್ತಾರೆ. ಒಂದು ಹೋಳನ್ನು ತಣ್ಣನೆಯ ಕೋಣೆಯಲ್ಲಿ ಭದ್ರಪಡಿಸಿ, ಇನ್ನೊಂದನ್ನು ಒಂದೊಂದು ಸೆಂಟಿಮೀಟರಿನ ಬಿಲ್ಲೆಗಳಾಗಿ ಕತ್ತರಿಸುತ್ತಾರೆ. ಒಂದೂ ಬಿಲ್ಲೆಯನ್ನು ಬಿಡುವಂತಿಲ್ಲ. ಬಿಟ್ಟುಹೋದ ಬಿಲ್ಲೆಯಲ್ಲಿಯೇ ಒಂದು ಬೆಂಕಿ ಅಡಗಿರಬಹುದು. ಪ್ರತಿಯೊಂದು ಬಿಲ್ಲೆಯಿಂದಲೂ ಅಳತೆಯ ಕೆಸರನ್ನು ತೆಗೆದು, ಜೇಡಿಯ ಕಣಗಳನ್ನು ಬಿಡಿಸುವ ದ್ರಾವಣದಲ್ಲಿ ನೆನೆಯಿಟ್ಟು, ಮಿಲಿಮೀಟರಿನ ಎಂಟನೆಯ ಒಂದು ಭಾಗದಷ್ಟು ಸಣ್ಣ ಕಣ್ಣುಗಳಿರುವ ಜರಡಿಯಲ್ಲಿ ತೊಳೆಯುತ್ತಾರೆ. ಜರಡಿಯ ಮೇಲೆ ಉಳಿದುದನ್ನು ತಟ್ಟೆಯಲ್ಲಿ ಹರಡಿ, ಸೂಕ್ಷ್ಮದರ್ಶಕದ ಮೂಲಕ ನೋಡುತ್ತ ಕಪ್ಪು ಚೂರುಗಳನ್ನು ಒಂದೊಂದಾಗಿ ಎಣಿಸಬೇಕು. ಒಂದು ಸರೋವರಕ್ಕೆ ಇಂತಹ ನೂರಾರು ಬಿಲ್ಲೆಗಳಿರುತ್ತವೆ. ವಿಜ್ಞಾನವೆಂದರೆ ಸದಾ ಚಮತ್ಕಾರದ ಯಂತ್ರಗಳ ಕೆಲಸವೆಂದು ಭಾವಿಸುವವರು ಈ ಎಣಿಕೆಯನ್ನು ಒಮ್ಮೆ ನೋಡಬೇಕು; ಅಕ್ಕಿಯಲ್ಲಿ ಕಲ್ಲು ಆರಿಸುವ ತಾಳ್ಮೆಯೇ ಇಲ್ಲಿ ಬೇಕಾದುದು.

ಜರಡಿಯ ಕಣ್ಣಿನ ಅಳತೆಗೂ ಅರ್ಥವಿದೆ. ಹೊಗೆಯೊಡನೆ ಮೇಲೇರಿದ ಅತಿ ಸಣ್ಣ ಮಸಿಯು ಗಾಳಿಯಲ್ಲಿ ತೇಲಿ ಬಹುದೂರ ಹೋಗಬಲ್ಲುದು. ಅದು ಯಾವ ಕಾಡಿನದೆಂದು ಹೇಳಲಾಗದು. ದಪ್ಪ ಚೂರುಗಳಾದರೋ ಬೇಗನೆ ನೆಲಕ್ಕಿಳಿಯುತ್ತವೆ. ಆದುದರಿಂದ ದಪ್ಪ ಚೂರುಗಳು ಹೆಚ್ಚಾಗಿರುವ ಪದರವು ಸಮೀಪದ ಬೆಂಕಿಯನ್ನು ಸೂಚಿಸುತ್ತದೆ.

ಪದರದ ವಯಸ್ಸನ್ನು ತಿಳಿಯಲು ಹಲವು ಮಾರ್ಗಗಳಿವೆ. ಇವುಗಳಲ್ಲಿ ಮುಖ್ಯವಾದುದು ವಿಕಿರಣಶೀಲ ಇಂಗಾಲದ ಕ್ರಮ. ಜೀವಂತವಾಗಿರುವ ಸಸ್ಯವು ಗಾಳಿಯಿಂದ ಇಂಗಾಲವನ್ನು ಹೀರುವಾಗ ಇಂಗಾಲ-14 ಎಂಬ ಪರಮಾಣುಗಳನ್ನೂ ಅತ್ಯಲ್ಪ ಪ್ರಮಾಣದಲ್ಲಿ ಹೀರಿಕೊಳ್ಳುತ್ತದೆ. ಸಸ್ಯವು ಸತ್ತ ಮೇಲೆ ಹೊಸದಾಗಿ ಸೇರುವುದು ನಿಲ್ಲುತ್ತದೆ. ಇದ್ದುದು ಕ್ಷಯಿಸುತ್ತ, ಸುಮಾರು 5,730 ವರ್ಷಗಳಲ್ಲಿ ಅರ್ಧವಾಗುತ್ತದೆ, ಮತ್ತೆ ಅಷ್ಟೇ ಕಾಲದಲ್ಲಿ ಕಾಲುಭಾಗವಾಗುತ್ತದೆ. ಈ ಕ್ರಮವನ್ನು ರೂಪಿಸಿದ ವಿಲರ್ಡ್ ಲಿಬಿ ಅವರಿಗೆ 1960ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ದೊರೆಯಿತು. ಹೂಳಿನಲ್ಲಿ ಸಿಕ್ಕ ಒಂದು ಪೈನ್ ಎಲೆಯೋ ಬೀಜವೋ ಹೀಗೆ ತನ್ನ ಪದರದ ಕಾಲವನ್ನು ಹೇಳುತ್ತದೆ. ಮೇಲಿನ ನೂರು, ನೂರೈವತ್ತು ವರ್ಷಗಳ ಹೂಳಿಗೆ ಮಾತ್ರ ಬೇಗನೆ ಕ್ಷಯಿಸುವ ಸೀಸ-210 ಎಂಬ ವಸ್ತುವನ್ನು ಅಳೆಯುತ್ತಾರೆ. ಕೆಲವೊಮ್ಮೆ ಪ್ರಕೃತಿಯೇ ಮುದ್ರೆಯೊತ್ತಿ ಇಟ್ಟಿರುವುದೂ ಉಂಟು. ಸುಮಾರು 7,600 ವರ್ಷಗಳ ಹಿಂದೆ ಈಗಿನ ಆರೆಗನ್ ಪ್ರಾಂತದಲ್ಲಿದ್ದ ಮಜಾಮ ಎಂಬ ಜ್ವಾಲಾಮುಖಿ ಸಿಡಿದು, ಅದರ ಬೂದಿಯು ನೂರಾರು ಕಿಲೋಮೀಟರು ದೂರದ ಯೆಲ್ಲೋಸ್ಟೋನಿನ ಸರೋವರಗಳಲ್ಲಿಯೂ ಬಿದ್ದಿತು. ದಿಂಡಿನಲ್ಲಿ ಆ ಬೂದಿಯ ತೆಳುಗೆರೆ ಕಂಡೊಡನೆ ವಿಜ್ಞಾನಿಗಳಿಗೆ ಕಾಲದ ಮೈಲಿಗಲ್ಲು ದೊರೆತಂತಾಗುತ್ತದೆ.

ಹೂಳಿನಲ್ಲಿ ಇದ್ದಿಲನ್ನು ಗಮನಿಸಿದವರು ಮೊದಲೂ ಇದ್ದರು. ಡೆನ್ಮಾರ್ಕಿನ ಇವರ್ಸನ್ 1941ರಲ್ಲಿ, ತಮ್ಮ ದೇಶದ ಜೌಗುಮಣ್ಣಿನಲ್ಲಿ ಕಂಡ ಇದ್ದಿಲಿನ ಪದರವನ್ನು ಮೊದಲ ಬೇಸಾಯಗಾರರು ಕಾಡು ಕಡಿದು ಸುಟ್ಟುದರ ಗುರುತೆಂದು ವಿವರಿಸಿದ್ದರು. ಅಮೆರಿಕದಲ್ಲಿ ಆಲ್ಬರ್ಟ್ ಸ್ವೇನ್ 1973ರಲ್ಲಿ ಮಿನೆಸೋಟದ ಸರೋವರವೊಂದರ ಹೂಳಿನಿಂದ ಅಲ್ಲಿನ ಬೆಂಕಿಗಳ ಚರಿತ್ರೆಯನ್ನು ಬರೆದರು. ಆದರೂ ಒಂದು ಸಂಶಯವು ಉಳಿದೇ ಇತ್ತು. ಹೂಳಿನಲ್ಲಿ ಇದ್ದಿಲು ಹೆಚ್ಚಾಗಿದ್ದರೆ ಹತ್ತಿರದಲ್ಲಿ ಬೆಂಕಿ ಬಿದ್ದಿತ್ತೆಂದು ನಂಬುವುದಕ್ಕೆ ಆಧಾರವೇನು? ಇದನ್ನು ಪರೀಕ್ಷಿಸಲು ವಿಜ್ಞಾನಿಗಳು ಒಂದು ಕಾಡಿಗೆ ಬೆಂಕಿ ಹಚ್ಚಿ ನೋಡುವಂತಿರಲಿಲ್ಲ.

1988ರ ಅನಾಹುತವು ಆ ಪರೀಕ್ಷೆಯನ್ನು ತಾನೇ ಒದಗಿಸಿಕೊಟ್ಟಿತು. ಕ್ಯಾಥಿ ವಿಟ್‌ಲಾಕ್ ಮತ್ತು ಸಾರಾ ಮಿಲ್‌ಸ್ಪಾ ಎಂಬ ಇಬ್ಬರು ಮಹಿಳಾ ವಿಜ್ಞಾನಿಗಳು ಬೆಂಕಿ ತಗುಲಿದ ಕಾಡಿನ ಸರೋವರಗಳಿಂದಲೂ ತಗುಲದ ಕಾಡಿನ ಸರೋವರಗಳಿಂದಲೂ ಮೇಲ್ಪದರದ ಹೂಳನ್ನು ಸಂಗ್ರಹಿಸಿ ಹೋಲಿಸಿದರು. 1996ರಲ್ಲಿ ಅವರು ಪ್ರಕಟಿಸಿದ ಫಲಿತಾಂಶವು ಈ ಶಾಸ್ತ್ರಕ್ಕೆ ಬಲವನ್ನು ತಂದಿತು. ಉರಿದ ಕಾಡಿನ ನಡುವಣ ಸರೋವರಗಳಲ್ಲಿ ದಪ್ಪ ಇದ್ದಿಲು ನಿಶ್ಚಯವಾಗಿಯೂ ಹೆಚ್ಚಾಗಿತ್ತು. ಇನ್ನೊಂದು ಅಂಶವೂ ಬೆಳಕಿಗೆ ಬಂದಿತು. ಬೆಂಕಿ ಆರಿದ ಅನಂತರವೂ ಹಲವು ವರ್ಷ ದಡದ ಇದ್ದಿಲು ಕೊಚ್ಚಿಬಂದು ಸರೋವರದ ನಡುವಿನ ಆಳಕ್ಕೆ ಸೇರುತ್ತಲೇ ಇತ್ತು. ಎಂದರೆ ಹೂಳು ಬೆಂಕಿಯ ತಿಥಿವಾರವನ್ನು ಬರೆದಿಡುವ ದಿನಚರಿಯಲ್ಲ. ಒಂದು ಪದರದಲ್ಲಿ ಹತ್ತಾರು ವರ್ಷಗಳು ಸೇರಿಹೋಗಿರುತ್ತವೆ. ಕೆಲವೇ ವರ್ಷಗಳ ಅಂತರದಲ್ಲಿ ಎರಡು ಬೆಂಕಿ ಬಿದ್ದಿದ್ದರೆ ಅವು ಒಂದರಂತೆಯೇ ಕಾಣುತ್ತವೆ. ನೆಲದ ಹುಲ್ಲನ್ನು ಮಾತ್ರ ಸವರಿಕೊಂಡು ಹೋದ ಸಣ್ಣ ಬೆಂಕಿಯು ಕಾಣದೆಯೂ ಇರಬಹುದು. ಇದಲ್ಲದೆ ಯಾವ ಪದರದಲ್ಲಿಯೂ ಒಂದಿಷ್ಟು ಇದ್ದಿಲು ಇದ್ದೇ ಇರುತ್ತದೆ. ಆ ಸಾಮಾನ್ಯ ಮಟ್ಟವನ್ನು ಕಳೆದು, ಅದಕ್ಕಿಂತ ಎದ್ದುಕಾಣುವ ಶಿಖರಗಳನ್ನಷ್ಟೇ ಬೆಂಕಿಯೆಂದು ಎಣಿಸಬೇಕು.

ಉರಿದ ಕಾಡು ಎಂತಹದೆಂಬುದನ್ನೂ ಹೂಳು ಹೇಳಬಲ್ಲುದು. ಗಾಳಿಯಲ್ಲಿ ಹಾರಿಬಂದ ಪರಾಗರೇಣುಗಳ ಹೊರಗವಚವು ಬಹು ಗಟ್ಟಿ. ಮಣ್ಣನ್ನು ಕರಗಿಸುವ ಆಮ್ಲಗಳಿಗೂ ಅದು ಕರಗುವುದಿಲ್ಲ. ಪೈನ್ ಮರದ ಪರಾಗಕ್ಕೆ ಒಂದು ಆಕಾರ, ಹುಲ್ಲಿನದಕ್ಕೆ ಮತ್ತೊಂದು. ಸ್ವೀಡನ್ನಿನ ಲೆನಾರ್ಟ್ ಫಾನ್ ಪೋಸ್ಟ್ 1916ರಲ್ಲಿ ಪದರ ಪದರವಾಗಿ ಪರಾಗವನ್ನು ಎಣಿಸಿ ಗತಕಾಲದ ಸಸ್ಯಸಂಪತ್ತನ್ನು ನಿರೂಪಿಸುವ ಕ್ರಮವನ್ನು ಲೋಕದ ಮುಂದಿಟ್ಟರು. ಪರಾಗವಲ್ಲದೆ ಸ್ವತಃ ಮಣ್ಣಿನಲ್ಲಿರುವ ಇಂಗಾಲದಿಂದಲೂ ಸಸ್ಯಗಳ ಚರಿತ್ರೆಯನ್ನು ಓದಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಅವರ ಸಂಗಡಿಗರು ನೀಲಗಿರಿಯ ಜೌಗುಗಳಲ್ಲಿ ದೊರೆಯುವ ಪೀಟ್ ಎಂಬ ಕಪ್ಪು ಮಣ್ಣನ್ನು ಈ ರೀತಿ ಪರೀಕ್ಷಿಸಿ 1993ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಸುಮಾರು 20,000 ವರ್ಷಗಳ ಹಿಂದೆ ಹಿಮಯುಗದ ಕಾಲದಲ್ಲಿ ಆ ಬೆಟ್ಟಗಳಲ್ಲಿ ಒಣಹವೆಗೆ ಒಗ್ಗುವ ಹುಲ್ಲುಗಳು ಹೆಚ್ಚಾಗಿದ್ದುದೂ, ಹಿಮಯುಗವು ಮುಗಿಯುತ್ತ ಬಂದಂತೆ ಮುಂಗಾರು ಬಲಗೊಂಡುದೂ ಅದರಿಂದ ತಿಳಿದುಬಂದಿತು.

ಯೆಲ್ಲೋಸ್ಟೋನಿನ ಪ್ರಶ್ನೆಗೆ ಉತ್ತರವು ದೊರೆತುದು ಸಿಗ್ನೆಟ್ ಎಂಬ ಪುಟ್ಟ ಸರೋವರದಲ್ಲಿ. ಹಂಸದ ಮರಿ ಎಂಬುದು ಈ ಹೆಸರಿನ ಅರ್ಥ. ಉದ್ಯಾನದ ನಡುವಣ ಎತ್ತರದ ಪ್ರಸ್ಥಭೂಮಿಯಲ್ಲಿರುವ ಈ ಸರೋವರದಿಂದ ತೆಗೆದ ದಿಂಡಿನಲ್ಲಿ 17,000 ವರ್ಷಗಳ ಹೂಳಿತ್ತು. ಮಿಲ್‌ಸ್ಪಾ, ವಿಟ್‌ಲಾಕ್ ಮತ್ತು ಪ್ಯಾಟ್ರಿಕ್ ಬಾರ್ಟ್‌ಲೈನ್ ಇದನ್ನು ಓದಿ 2000ದಲ್ಲಿ ಪ್ರಕಟಿಸಿದರು. ಅತ್ಯಂತ ಕೆಳಗಿನ ಪದರಗಳ ಕಾಲದಲ್ಲಿ, ಹಿಮನದಿಗಳು ಆಗತಾನೆ ಹಿಂದೆ ಸರಿದ ನೆಲದಲ್ಲಿ ಮರಗಳಿರಲಿಲ್ಲ. ಹುಲ್ಲು, ಕುರುಚಲು ಪೊದೆಗಳಷ್ಟೇ ಇದ್ದುವು. ಸುಮಾರು 11,000 ವರ್ಷಗಳ ಹಿಂದೆ ಲಾಡ್ಜ್‌ಪೋಲ್ ಪೈನ್ ಕಾಡು ನೆಲೆಗೊಂಡಿತು. ಅಂದಿನಿಂದ ಇಂದಿನವರೆಗೂ ಅಲ್ಲಿ ಅದೇ ಮರ. ಜ್ವಾಲಾಮುಖಿಯ ಶಿಲೆಯಿಂದಾದ ಅಲ್ಲಿನ ಬಡ ಮಣ್ಣಿನಲ್ಲಿ ಬೇರೆ ಮರಗಳು ಅದರೊಡನೆ ಸ್ಪರ್ಧಿಸಲಾರವು.

ಕಾಡು ಬದಲಾಗಲಿಲ್ಲ, ಆದರೆ ಬೆಂಕಿಗಳ ಸಂಖ್ಯೆ ಬದಲಾಗುತ್ತ ಹೋಯಿತು. ಮೊದಲು ಸಾವಿರ ವರ್ಷಕ್ಕೆ ಸುಮಾರು ನಾಲ್ಕು ಬೆಂಕಿಗಳಾಗುತ್ತಿದ್ದುವು. ಅನಂತರ ಅದು ಏರುತ್ತ, ಸುಮಾರು 9,900 ವರ್ಷಗಳ ಹಿಂದೆ ಸಾವಿರ ವರ್ಷಕ್ಕೆ ಹತ್ತನ್ನೂ ಮೀರಿತು. ಮುಂದಿನ ಸಹಸ್ರಮಾನಗಳಲ್ಲಿ ಕ್ರಮೇಣ ಇಳಿದು ಇತ್ತೀಚಿನ ಕಡಿಮೆ ಮಟ್ಟಕ್ಕೆ ಬಂದು ನಿಂತಿತು. ಮರಗಳು ಅವೇ ಆಗಿದ್ದು ಬೆಂಕಿ ಮಾತ್ರ ಏರಿಳಿದಿರುವುದರಿಂದ ಇದಕ್ಕೆ ಕಾರಣವನ್ನು ಬೇರೆಡೆ ಹುಡುಕಬೇಕು. ಅದು ಆಕಾಶದಲ್ಲಿತ್ತು! ಈಗ ಭೂಮಿಯು ಸೂರ್ಯನಿಗೆ ಅತಿ ಸಮೀಪವಾಗುವುದು ಜನವರಿಯ ಆರಂಭದಲ್ಲಿ. ಭೂಮಿಯ ಚಲನೆಯಲ್ಲಿನ ನಿಧಾನವಾದ ಬದಲಾವಣೆಗಳ ಫಲವಾಗಿ, ಹತ್ತು ಹನ್ನೊಂದು ಸಾವಿರ ವರ್ಷಗಳ ಹಿಂದೆ ಈ ಸಾಮೀಪ್ಯವು ಉತ್ತರಾರ್ಧಗೋಳದ ಬೇಸಿಗೆಯಲ್ಲಿಯೇ ಒದಗುತ್ತಿತ್ತು. ಆಗಿನ ಬೇಸಿಗೆಗೆ ಈಗಿಗಿಂತ ಶೇಕಡಾ 8ರಷ್ಟು ಹೆಚ್ಚು ಬಿಸಿಲು ಸಿಗುತ್ತಿತ್ತು. ಬೇಸಿಗೆಯ ಬಿಸಿಲಿನ ಏರಿಳಿತದ ರೇಖೆಯನ್ನೂ ಸಿಗ್ನೆಟ್ ಸರೋವರದ ಬೆಂಕಿಗಳ ರೇಖೆಯನ್ನೂ ಒಂದರ ಮೇಲೊಂದಿಟ್ಟರೆ ಅವು ಬಹುಮಟ್ಟಿಗೆ ಹೊಂದಿಕೊಳ್ಳುತ್ತವೆ.

ಹೀಗೆ 1988ರ ವಾದಕ್ಕೆ ಕೆಸರು ಕೊಟ್ಟ ತೀರ್ಪು ಯಾವ ಪಕ್ಷಕ್ಕೂ ಪೂರ್ಣವಾಗಿ ಹಿಡಿಸುವಂತಹುದಲ್ಲ. ಮನುಷ್ಯನು ಬೆಂಕಿಯನ್ನು ಆರಿಸುವ ಅಥವಾ ಬಿಡುವ ನೀತಿಯನ್ನು ರಚಿಸುವುದಕ್ಕೆ ಸಾವಿರಾರು ವರ್ಷ ಮೊದಲೇ ಈ ಕಾಡು ಮತ್ತೆ ಮತ್ತೆ ಉರಿದಿತ್ತು, ಮತ್ತೆ ಮತ್ತೆ ಚಿಗುರಿತ್ತು. ಚಿಗುರುವ ಉಪಾಯವು ಆ ಮರದಲ್ಲಿಯೇ ಇದೆ. ಲಾಡ್ಜ್‌ಪೋಲ್ ಪೈನಿನ ಹಲವು ಕಾಯಿಗಳು ರಾಳದಿಂದ ಮೆತ್ತಿಕೊಂಡು ವರ್ಷಗಟ್ಟಲೆ ಬಿರಿಯದೆ ಕೊಂಬೆಯಲ್ಲಿಯೇ ಇರುತ್ತವೆ. ಬೆಂಕಿಯ ಕಾವಿಗೆ ರಾಳವು ಕರಗಿ, ಕಾಯಿ ಬಿರಿದು, ಬೂದಿ ಹರಡಿದ ನೆಲದ ಮೇಲೆ ಬೀಜವು ಉದುರುತ್ತದೆ. 1988ರ ಅನಂತರವೂ ಹೀಗೆಯೇ ಆಯಿತು. ನಾಶವಾಯಿತೆಂದು ಪತ್ರಿಕೆಗಳು ಮರುಗಿದ್ದ ನೆಲದಲ್ಲಿ ಸಸಿಗಳು ಒತ್ತೊತ್ತಾಗಿ ಎದ್ದುವು. ಆದರೆ ಬೆಂಕಿಯ ಲೆಕ್ಕವು ಹವೆಯನ್ನು ಅನುಸರಿಸುತ್ತದೆಂಬುದೂ ಅದೇ ತೀರ್ಪಿನ ಇನ್ನೊಂದು ಭಾಗ. ಹವೆಯು ಬಿಸಿಯಾದರೆ ಬೆಂಕಿಗಳ ನಡುವಣ ಬಿಡುವು ಕಡಿಮೆಯಾಗುತ್ತದೆ.

ಈ ಎರಡನೆಯ ಮಾತಿನ ಭಾರವು ಈಚಿನ ವರ್ಷಗಳಲ್ಲಿ ಅರಿವಿಗೆ ಬರುತ್ತಿದೆ. 2020ರಲ್ಲಿ ಕೊಲರಾಡೊ ಮತ್ತು ದಕ್ಷಿಣ ವಯೋಮಿಂಗಿನ ಎತ್ತರದ ಕಾಡುಗಳಲ್ಲಿ ಭಾರಿ ಬೆಂಕಿಗಳೆದ್ದುವು. ಫಿಲಿಪ್ ಹಿಗೇರ ಮತ್ತು ಅವರ ಸಂಗಡಿಗರು ಆ ಪ್ರದೇಶದ ಸುಮಾರು 20 ಸರೋವರಗಳ ಹೂಳಿನಿಂದ ದೊರೆತಿದ್ದ ವಿವರಗಳೊಡನೆ ಇದನ್ನು ಹೋಲಿಸಿ 2021ರಲ್ಲಿ ಪ್ರಕಟಿಸಿದರು. ಕಳೆದ 2,000 ವರ್ಷಗಳಲ್ಲಿ ಅಲ್ಲಿನ ಕಾಡು ಸರಾಸರಿ 230 ವರ್ಷಗಳಿಗೊಮ್ಮೆ ಉರಿಯುತ್ತಿತ್ತು. ಸುಮಾರು 1,200 ವರ್ಷಗಳ ಹಿಂದೆ ಹವೆಯು ಬೆಚ್ಚಗಿದ್ದ ಕಾಲದಲ್ಲಿ ಕೂಡ ಈ ಅವಧಿಯು 150 ವರ್ಷಗಳಿಗಿಂತ ಕೆಳಗೆ ಇಳಿದಿರಲಿಲ್ಲ. 2000ದಿಂದ ಈಚೆಗೆ ಉರಿದ ನೆಲವನ್ನು ಲೆಕ್ಕಹಾಕಿದರೆ ಅದು 117 ವರ್ಷಗಳಿಗೆ ಬಂದಿದೆ.

ಬಿಡುವು ಕಡಿಮೆಯಾದರೆ ಕಾಡಿಗೆ ಆಗುವುದೇನೆಂಬುದಕ್ಕೆ ಯೆಲ್ಲೋಸ್ಟೋನ್ ಪ್ರದೇಶದಲ್ಲಿಯೇ ನಿದರ್ಶನವು ದೊರೆಯಿತು. 1988ರ ಬೂದಿಯಲ್ಲಿ ಹುಟ್ಟಿ 28 ವರ್ಷ ಬೆಳೆದಿದ್ದ ಪೈನ್ ಕಾಡುಗಳ ಕೆಲವು ಭಾಗಗಳು 2016ರಲ್ಲಿ ಮತ್ತೊಮ್ಮೆ ಉರಿದುವು. ಎಳೆಯ ಮರಗಳಲ್ಲಿ ಬೀಜ ತುಂಬಿದ ಕಾಯಿಗಳು ಇನ್ನೂ ಹೆಚ್ಚಾಗಿರಲಿಲ್ಲ. ಇದ್ದುವುಗಳಲ್ಲಿಯೂ ಅನೇಕವು ಮರದೊಡನೆ ಸುಟ್ಟುಹೋದುವು. ಮೋನಿಕಾ ಟರ್ನರ್ ಮತ್ತು ಅವರ ಜೊತೆಗಾರರು ಆ ನೆಲದಲ್ಲಿ ನಡೆದು ಸಸಿಗಳನ್ನು ಎಣಿಸಿದರು. ಹಿಂದಿನ ಬೆಂಕಿಯ ಅನಂತರ ಆರು ಸಸಿಗಳು ಎದ್ದಿದ್ದ ಕಡೆ ಈ ಸಲ ಎದ್ದುದು ಸರಾಸರಿ ಒಂದು.